ತೂಕಡಿಕೆಗೆ ಬುದ್ಧನ ಮದ್ದು



ಮಧ್ಯಾಹ್ನ ಎರಡು ಗಂಟೆಯ ತರಗತಿಗೆ ಪಾಠ ಹೇಳುವ ನನ್ನಂಥವರಿಗೆ ತೂಕಡಿಕೆಯ ಪರಿಚಯವನ್ನು ಯಾರೂ ಮಾಡಿಕೊಡಬೇಕಾದುದಿಲ್ಲ. ಹಿಂದಿನ ಬೆಂಚಿನಲ್ಲಿ ಒಂದು ತಲೆ ಮೆಲ್ಲಮೆಲ್ಲನೆ ಬಾಗುತ್ತದೆ, ಬೆಚ್ಚಿ ನೆಟ್ಟಗಾಗುತ್ತದೆ, ಪುನಃ ಬಾಗುತ್ತದೆ. ಬಹುಕಾಲ ನಾನು ಅದನ್ನು ಗದರಿಸಿ ಎಬ್ಬಿಸುತ್ತಿದ್ದೆನು. ಸಂಜೆ ಉತ್ತರಪತ್ರಿಕೆಗಳ ಮುಂದೆ ನನ್ನ ತಲೆಯೇ ಬಾಗಿದಾಗ ನನ್ನನ್ನೂ ಹಾಗೆಯೇ ಗದರಿಸಿಕೊಳ್ಳುತ್ತಿದ್ದೆನು. ಇದರಿಂದ ಜಡತೆಯ ಮೇಲೆ ನಾಚಿಕೆಯೂ ಸೇರಿ ಹೊರೆ ಇಮ್ಮಡಿಯಾಯಿತೇ ಹೊರತು ಬೇರೆ ಫಲ ಕಾಣಲಿಲ್ಲ.

ಬೌದ್ಧಗ್ರಂಥಗಳಲ್ಲಿ ಈ ಜಡತೆಗೆ ‘ಥೀನಮಿದ್ಧ’ವೆಂದು ಹೆಸರು. ಥೀನವೆಂದರೆ ಮನಸ್ಸು ಹೆಪ್ಪುಗಟ್ಟಿದಂತಾಗುವುದು; ಮಿದ್ಧವೆಂದರೆ ಮಂಪರು. ಧ್ಯಾನಕ್ಕೆ ಅಡ್ಡಬರುವ ಐದು ನೀವರಣಗಳಲ್ಲಿ ಇದು ಮೂರನೆಯದು. ನೀರಿನ ಮೇಲೆ ಪಾಚಿ ಮುಚ್ಚಿಕೊಂಡರೆ ಅದರಲ್ಲಿ ಮುಖ ಕಾಣದಂತೆ, ಜಡತೆ ಮುಚ್ಚಿದ ಮನಸ್ಸಿಗೆ ತನ್ನ ಹಿತವೇ ಕಾಣದೆಂದು ಅಲ್ಲಿ ಉಪಮೆಯುಂಟು. ಸತಿಪಟ್ಠಾನಸೂತ್ರವು ಸಾಧಕನಿಗೆ ವಿಧಿಸುವ ಮೊದಲ ಕೆಲಸ ಬಹು ಸರಳವಾದುದು: ಜಡತೆ ಇದ್ದರೆ ‘ಇದೆ’ ಎಂದು ಅರಿಯುವುದು, ಇಲ್ಲದಿದ್ದರೆ ‘ಇಲ್ಲ’ ಎಂದು ಅರಿಯುವುದು. ಅದು ಹೇಗೆ ಹುಟ್ಟಿತು, ಹೇಗೆ ಅಳಿಯುವುದು ಎಂಬ ವಿಚಾರವು ಅನಂತರ ಬರುತ್ತದೆ. ಈ ಅರಿವಿಗೇ ಸ್ಮೃತಿಯೆಂದು ಹೆಸರು.

ಅಂಗುತ್ತರನಿಕಾಯದ ಸಪ್ತಕನಿಪಾತದಲ್ಲಿ ಒಂದು ಪ್ರಸಂಗವಿದೆ. ಮಗಧದ ಒಂದು ಹಳ್ಳಿಯಲ್ಲಿ ಧ್ಯಾನಕ್ಕೆ ಕುಳಿತ ಮೊಗ್ಗಲ್ಲಾನನು ತೂಕಡಿಸುತ್ತಿದ್ದನು. ಮುಂದೆ ಬುದ್ಧನ ಇಬ್ಬರು ಅಗ್ರಶಿಷ್ಯರಲ್ಲಿ ಒಬ್ಬನೆನಿಸಿದವನೇ ಈತನು! ಬುದ್ಧನು ಅವನೆದುರಿಗೆ ಬಂದು, “ತೂಕಡಿಸುತ್ತಿರುವೆಯಾ?” ಎಂದು ಕೇಳಿದನಂತೆ. ಶಿಷ್ಯನು ಹೌದೆಂದು ಒಪ್ಪಿಕೊಂಡನು. ಆಗ ಗುರುವು ಬೈಯಲಿಲ್ಲ. ಒಂದಾದಮೇಲೊಂದು ಉಪಾಯಗಳನ್ನು ಹೇಳಿಕೊಟ್ಟನು. ಯಾವ ಭಾವನೆಯನ್ನು ಹಿಡಿದಿದ್ದಾಗ ಮಂಪರು ಬಂದಿತೋ ಅದನ್ನು ಬಿಡು. ಹೋಗದಿದ್ದರೆ ಕೇಳಿದ ಧರ್ಮವನ್ನು ಮನಸ್ಸಿನಲ್ಲಿ ಚಿಂತಿಸು. ಅದನ್ನೇ ಬಾಯಿಬಿಟ್ಟು ಪಠಿಸು. ಕಿವಿಗಳನ್ನು ಎಳೆದುಕೊಂಡು ಕೈಕಾಲುಗಳನ್ನು ಉಜ್ಜಿಕೋ. ಎದ್ದು ಕಣ್ಣಿಗೆ ನೀರು ಹಚ್ಚಿ ದಿಕ್ಕುಗಳನ್ನೂ ನಕ್ಷತ್ರಗಳನ್ನೂ ನೋಡು. ರಾತ್ರಿಯಲ್ಲಿಯೂ ಹಗಲಿನ ಬೆಳಕನ್ನು ಭಾವಿಸು. ಎಚ್ಚರದಿಂದ ಅತ್ತಿತ್ತ ನಡೆದಾಡು.

ಇಷ್ಟಾದರೂ ಹೋಗದಿದ್ದರೆ? ಬಲಮಗ್ಗುಲಾಗಿ ಮಲಗು, ಏಳುವ ಸಂಕಲ್ಪವನ್ನು ಮನಸ್ಸಿನಲ್ಲಿಟ್ಟುಕೊಂಡು ಮಲಗು, ಎಚ್ಚರವಾದೊಡನೆ ಏಳು ಎಂದನು. ನಿದ್ರೆಯೂ ಇಲ್ಲಿ ಸಾಧನೆಯ ಒಂದು ಮೆಟ್ಟಿಲೇ ಆಗಿದೆ. ದೇಹವು ನಿಜವಾಗಿ ದಣಿದಿದ್ದರೆ ಅದಕ್ಕೆ ವಿಶ್ರಾಂತಿ ಸಲ್ಲಬೇಕು.

ಇನ್ನೊಂದು ಸೂತ್ರವು ಕುಗ್ಗಿದ ಮನಸ್ಸನ್ನು ಸಣ್ಣ ಕಿಡಿಗೆ ಹೋಲಿಸುತ್ತದೆ. ಆ ಕಿಡಿಯ ಮೇಲೆ ಹಸಿಹುಲ್ಲನ್ನು ಹಾಕಬಾರದು, ಒಣಹುಲ್ಲನ್ನಿಟ್ಟು ಊದಬೇಕು. ಅಂದರೆ, ಮನಸ್ಸು ಕುಗ್ಗಿದ ಹೊತ್ತಿನಲ್ಲಿ ಅದನ್ನು ಇನ್ನಷ್ಟು ಶಾಂತಗೊಳಿಸಹೊರಡುವುದು ಸಲ್ಲದು. ಜಿಜ್ಞಾಸೆ, ವೀರ್ಯ, ಪ್ರೀತಿ ಎಂಬ ಮೂರರಿಂದ ಅದನ್ನು ಎತ್ತಬೇಕು.

ಆದರೆ ವಾರಗಟ್ಟಲೆ ಬಿಡದ ಆಯಾಸಕ್ಕೆ ರಕ್ತಹೀನತೆ, ಥೈರಾಯ್ಡ್ ಗ್ರಂಥಿಯ ದೋಷ, ಮನೋವ್ಯಥೆ ಮುಂತಾದ ಕಾರಣಗಳಿರಬಹುದು. ಅಂಥವರು ವೈದ್ಯರನ್ನು ಕಾಣುವುದೇ ಮೊದಲ ಕರ್ತವ್ಯ.

ಈಗ ನನ್ನ ತರಗತಿಯಲ್ಲಿ ತಲೆಗಳು ಬಾಗತೊಡಗಿದರೆ ಕಿಟಕಿಗಳನ್ನು ತೆರೆಯಿಸಿ, ಮುಂದಿನ ಪುಟವನ್ನು ವಿದ್ಯಾರ್ಥಿಗಳಿಂದಲೇ ಗಟ್ಟಿಯಾಗಿ ಓದಿಸುತ್ತೇನೆ. ಮನೆಯಲ್ಲಿ ಉತ್ತರಪತ್ರಿಕೆಗಳ ಮುಂದೆ ನನಗೇ ಮಂಪರು ಹತ್ತಿದರೆ ‘ಇದೆ’ ಎಂದುಕೊಂಡು, ಎದ್ದು ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆಯುತ್ತೇನೆ. ಕೆಲವು ದಿನ ಅದು ಸಾಲುತ್ತದೆ; ಸಾಲದ ದಿನ ದೀಪವಾರಿಸಿ ಮಲಗುತ್ತೇನೆ.