ಕ್ಷಯರೋಗದ ಚಿಕಿತ್ಸೆ: ಆರು ತಿಂಗಳಿಗೆ ಐವರ ಆಸರೆ

ಕಫ ಪರೀಕ್ಷೆಯಿಂದ ಕ್ಷಯರೋಗವಿರುವುದು ತಿಳಿದುಬಂದೊಡನೆ ಅನೇಕರು ಅದನ್ನು ಮುಚ್ಚಿಡಲು ಯತ್ನಿಸುತ್ತಾರೆ. ಮಗಳ ಮದುವೆಗೆ ಅಡ್ಡಿಯಾದೀತು, ಕೂಲಿಗೆ ಕರೆಯುವವರು ಕರೆಯದೆ ಹೋದಾರು, ನೆರೆಯವರು ತಮ್ಮ ಲೋಟವನ್ನು ಬೇರೆಯಾಗಿ ಇಟ್ಟಾರು ಎಂಬ ಅಂಜಿಕೆ ಸಹಜವಾದುದೇ. ಆದರೆ ಮುಚ್ಚಿಟ್ಟ ರೋಗಕ್ಕೆ ನೆರವು ದೊರೆಯುವುದಿಲ್ಲ. ನೆರವಿಲ್ಲದ ಚಿಕಿತ್ಸೆಯು ನಡುವೆಯೇ ನಿಂತುಹೋಗುವ ಸಂಭವ ಹೆಚ್ಚು. ಹಾಗೆ ನಿಂತರೆ ರೋಗವು ಮರುಕಳಿಸುವುದಲ್ಲದೆ, ಸಾಮಾನ್ಯ ಔಷಧಿಗಳಿಗೆ ಬಗ್ಗದಂತೆ ಬಲಿಯಲೂಬಹುದು. ಆದುದರಿಂದ ಔಷಧಿಯಷ್ಟೇ ಮುಖ್ಯವಾದುದು ನಿಮ್ಮ ಸುತ್ತಲಿನ ಜನರ ಆಸರೆ.

ಮನೆಯೇ ಚಿಕಿತ್ಸಾಲಯ

ಹಿಂದೆ ಕ್ಷಯರೋಗಿಗಳನ್ನು ಮನೆಯಿಂದ ದೂರವಿರಿಸುತ್ತಿದ್ದರು. ಮೈಸೂರು ರಾಜಮನೆತನದ ಕೃಷ್ಣಾಜಮ್ಮಣ್ಣಿಯವರು ಈ ರೋಗದಿಂದಲೇ ನಿಧನರಾದರು. ಅವರ ಹೆಸರಿನ ಕ್ಷಯ ಆರೋಗ್ಯಧಾಮವು 1921ರಲ್ಲಿ ಮೈಸೂರಿನಲ್ಲಿ ಆರಂಭವಾಯಿತು. ಆಗ ವಿಶ್ರಾಂತಿ, ಶುದ್ಧವಾದ ಗಾಳಿ ಮತ್ತು ಪುಷ್ಟಿಕರವಾದ ಆಹಾರಗಳೇ ಚಿಕಿತ್ಸೆಯಾಗಿದ್ದವು. ಪರಿಣಾಮಕಾರಿ ಔಷಧಿಗಳು ಬಂದ ಮೇಲೆ ಮದರಾಸಿನಲ್ಲಿ ಒಂದು ಮಹತ್ವದ ಅಧ್ಯಯನ ನಡೆದು, 1959ರಲ್ಲಿ ಪ್ರಕಟವಾಯಿತು. ಮನೆಯಲ್ಲಿದ್ದೇ ಔಷಧಿ ಸೇವಿಸಿದವರು ಆರೋಗ್ಯಧಾಮದಲ್ಲಿದ್ದವರಷ್ಟೇ ಚೆನ್ನಾಗಿ ಗುಣ ಹೊಂದಿದರೆಂದೂ, ಅವರೊಡನೆ ವಾಸಿಸಿದವರಿಗೆ ಅದರಿಂದ ಹೆಚ್ಚಿನ ಅಪಾಯವಾಗಲಿಲ್ಲವೆಂದೂ ಅದು ತೋರಿಸಿಕೊಟ್ಟಿತು.

ಅಂದಿನಿಂದ ಮನೆಯೇ ಚಿಕಿತ್ಸಾಲಯವಾಯಿತು. ಆದರೆ ಆರೋಗ್ಯಧಾಮದಲ್ಲಿ ದಾದಿಯರೂ ಅಡುಗೆಯವರೂ ಮಾಡುತ್ತಿದ್ದ ಕೆಲಸಗಳು ಇಲ್ಲದಾಗಲಿಲ್ಲ. ಅವುಗಳನ್ನು ರೋಗಿಯೊಬ್ಬನೇ ಹೊರಲಾರನು. ಊರಿಗೆಲ್ಲ ಸಾರಬೇಕಾಗಿಲ್ಲ, ಐವರು ನಂಬಿಕೆಯ ಜನರಿಗೆ ತಿಳಿಸಿ, ಒಬ್ಬೊಬ್ಬರಿಗೆ ಒಂದೊಂದು ಕೆಲಸವನ್ನು ಒಪ್ಪಿಸಿದರೆ ಸಾಕು.

ಯಾರು ಆ ಐವರು?

ಮೊದಲನೆಯವರು ಮನೆಯವರಲ್ಲಿ ಒಬ್ಬರು. ನೀವು ದಿನವೂ ಮಾತ್ರೆ ನುಂಗುವುದನ್ನು ಕಣ್ಣಾರೆ ಕಂಡು, ಚಿಕಿತ್ಸಾ ಕಾರ್ಡಿನಲ್ಲಿ ಗುರುತು ಹಾಕುವುದು ಅವರ ಕೆಲಸ. ಸಾಮಾನ್ಯ ಕ್ಷಯರೋಗಕ್ಕೆ ಎರಡು ತಿಂಗಳು ನಾಲ್ಕು ಔಷಧಿಗಳನ್ನೂ, ಮುಂದಿನ ನಾಲ್ಕು ತಿಂಗಳು ಮೂರು ಔಷಧಿಗಳನ್ನೂ ಕೊಡಲಾಗುತ್ತದೆ. ಹಾಸನ ತಾಲ್ಲೂಕಿನ ಕಟ್ಟಾಯ ಹೋಬಳಿಯ ರೈತರೊಬ್ಬರು ಮುಂಗಾರಿನ ಆಲೂಗೆಡ್ಡೆ ಬಿತ್ತನೆಯ ವೇಳೆಗೆ ಚಿಕಿತ್ಸೆ ಆರಂಭಿಸಿದರೆಂದು ಭಾವಿಸಿರಿ. ಗೆಡ್ಡೆ ಅಗೆಯುವ ಹೊತ್ತಿಗೆ ಜ್ವರ ಬಿಟ್ಟು, ಕೆಮ್ಮು ನಿಂತು, ಮೈಯಲ್ಲಿ ಕಸುವು ತುಂಬಿರುತ್ತದೆ. ಆದರೆ ಔಷಧಿ ಮುಗಿಯುವುದು ರಾಗಿ ಕೊಯ್ಲಿನ ವೇಳೆಗೆ. ‘ಗುಣವಾಯಿತಲ್ಲ, ಇನ್ನೇಕೆ ಮಾತ್ರೆ?’ ಎನಿಸುವ ಈ ನಡುವಿನ ಕಾಲವೇ ಅಪಾಯದ ಕಾಲ. ಆಗ ಎಚ್ಚರಿಸುವವರು ಮನೆಯಲ್ಲಿರಬೇಕು.

ಎರಡನೆಯವರು ಆಶಾ ಕಾರ್ಯಕರ್ತೆ ಅಥವಾ ಆರೋಗ್ಯ ಕೇಂದ್ರದ ಸಿಬ್ಬಂದಿ. ಈ ಔಷಧಿಯಿಂದ ಮೂತ್ರವು ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಅದಕ್ಕೆ ಗಾಬರಿಪಡಬೇಕಾಗಿಲ್ಲ. ಆದರೆ ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ, ದೃಷ್ಟಿ ಮಂಜಾದರೆ ಅಂದೇ ಇವರಿಗೆ ತಿಳಿಸಿ ವೈದ್ಯರನ್ನು ಕಾಣಿರಿ.

ಮೂರನೆಯವರು ಕೆಲಸದ ಜೊತೆಗಾರರು. ನೀವು ಸಕಲೇಶಪುರದ ಕಾಫಿ ತೋಟಗಳಿಗೆ ದುಡಿಯಲು ಹೋಗುವವರಾದರೆ, ಹೊರಡುವ ಮುನ್ನವೇ ಆರೋಗ್ಯ ಕೇಂದ್ರಕ್ಕೆ ತಿಳಿಸಿರಿ. ಚಿಕಿತ್ಸೆಯನ್ನು ಅಲ್ಲಿನ ಕೇಂದ್ರಕ್ಕೆ ವರ್ಗಾಯಿಸುವ ವ್ಯವಸ್ಥೆಯಿದೆ. ಊರು ಬದಲಾದರೂ ಮಾತ್ರೆ ತಪ್ಪದಂತೆ ನೆನಪಿಸುವ ಗೆಳೆಯನೊಬ್ಬನು ಜೊತೆಯಲ್ಲಿರಲಿ.

ನಾಲ್ಕನೆಯವರು ಈ ರೋಗದಿಂದ ಗುಣ ಹೊಂದಿದವರು. ನೂರು ಉಪದೇಶಗಳು ನೀಡಲಾರದ ಧೈರ್ಯವನ್ನು ಅವರ ಒಂದು ಮಾತು ನೀಡಬಲ್ಲುದು. ಅಂಥವರ ಭೇಟಿ ಮಾಡಿಸುವಂತೆ ಆರೋಗ್ಯ ಸಿಬ್ಬಂದಿಯನ್ನು ಕೇಳಿರಿ.

ಐದನೆಯವರು ಆಹಾರದ ವಿಷಯದಲ್ಲಿ ನೆರವಾಗುವವರು. ರಾಗಿ, ಬೇಳೆಕಾಳು, ಮೊಟ್ಟೆ, ಹಾಲು, ಸೊಪ್ಪು ನಿಮಗೆ ಬೇಕು. ಇದಕ್ಕಾಗಿ ಸರ್ಕಾರವು ನಿಕ್ಷಯ್ ಪೋಷಣ್ ಯೋಜನೆಯಡಿ ರೋಗಿಯ ಬ್ಯಾಂಕ್ ಖಾತೆಗೆ ಹಣ ನೀಡುತ್ತದೆ. 2018ರಲ್ಲಿ ತಿಂಗಳಿಗೆ 500 ರೂಪಾಯಿಗಳಾಗಿದ್ದ ಈ ನೆರವನ್ನು 2024ರ ನವೆಂಬರ್‌ನಿಂದ 1,000 ರೂಪಾಯಿಗಳಿಗೆ ಏರಿಸಲಾಯಿತು. ಆಹಾರದ ಪೊಟ್ಟಣಗಳನ್ನು ಒದಗಿಸುವ ‘ನಿಕ್ಷಯ್ ಮಿತ್ರ’ರ ವ್ಯವಸ್ಥೆಯು 2022ರಲ್ಲಿ ಆರಂಭವಾಯಿತು.

ಕೇಳುವ ಬಗೆ

ನೆರವು ಕೇಳಲು ನಾಚಿಕೆ ಬೇಡ. ‘ನನಗೆ ಕಷ್ಟವಾಗಿದೆ’ ಎಂದಷ್ಟೇ ಹೇಳಿದರೆ ಕೇಳಿದವರು ಮರುಗುತ್ತಾರೆ, ಆದರೆ ಏನು ಮಾಡಬೇಕೆಂಬುದು ಅವರಿಗೆ ತಿಳಿಯದು. ‘ಅಕ್ಕಾ, ನನಗೆ ಕ್ಷಯ ಬಂದಿದೆ, ಔಷಧಿ ಶುರುಮಾಡಿದ್ದೇನೆ. ಮಂಗಳವಾರ ಹಾಸನದ ಆಸ್ಪತ್ರೆಗೆ ಹೋಗಬೇಕು, ಮಕ್ಕಳನ್ನು ನೋಡಿಕೊಳ್ಳುವಿರಾ?’ ಎಂದು ಕೇಳಿರಿ. ಖಚಿತವಾದ ಕೆಲಸವನ್ನು ಕೇಳಿದಾಗ ಒಪ್ಪುವುದು ಸುಲಭ.

ಕುಟುಂಬದ ರಕ್ಷಣೆ

ಒಬ್ಬರಿಗೆ ರೋಗ ಕಂಡುಬಂದರೆ ಮನೆಯವರೆಲ್ಲರೂ ಪರೀಕ್ಷೆ ಮಾಡಿಸಿಕೊಳ್ಳಬೇಕು. ರೋಗವಿಲ್ಲದ ಮಕ್ಕಳಿಗೂ ಹಿರಿಯರಿಗೂ ವೈದ್ಯರು ಮುಂಜಾಗ್ರತೆಯ ಔಷಧಿಯನ್ನು ಸೂಚಿಸಬಹುದು. ಐದು ವರ್ಷದೊಳಗಿನ ಮಕ್ಕಳ ವಿಷಯದಲ್ಲಿ ತಡಮಾಡಬಾರದು. ಚಿಕಿತ್ಸೆಯಲ್ಲಿರುವ ತಾಯಿಯು ಬಾಯಿ, ಮೂಗು ಮುಚ್ಚಿಕೊಂಡು ಮಗುವಿಗೆ ಎದೆಹಾಲು ನೀಡಬಹುದು. ಕ್ಷಯದ ಔಷಧಿಯಾದ ರಿಫಾಂಪಿಸಿನ್ ಗರ್ಭನಿರೋಧಕ ಮಾತ್ರೆಗಳ ಶಕ್ತಿಯನ್ನು ಕುಂದಿಸುತ್ತದೆ. ಆದುದರಿಂದ ಮಾತ್ರೆ ನುಂಗುತ್ತಿರುವ ಮಹಿಳೆಯರು ನಿರೋಧ್ ಅಥವಾ ವಂಕಿಯ ಬಗ್ಗೆ ವೈದ್ಯರನ್ನು ವಿಚಾರಿಸಬೇಕು.

ನೆರೆಹೊರೆಯವರಿಗೆ ಒಂದು ಮಾತು

ಕ್ಷಯವು ಲೋಟ, ತಟ್ಟೆ, ಬಟ್ಟೆಗಳಿಂದ ಹರಡುವುದಿಲ್ಲ. ರೋಗಿಯು ಕೆಮ್ಮಿದಾಗ ಗಾಳಿಯ ಮೂಲಕ ಹರಡುತ್ತದೆ. ಸರಿಯಾದ ಔಷಧಿಯನ್ನು ಕ್ರಮವಾಗಿ ಸೇವಿಸತೊಡಗಿದ ಕೆಲವು ವಾರಗಳಲ್ಲಿಯೇ ಸಾಮಾನ್ಯವಾಗಿ ಇತರರಿಗೆ ಹರಡುವ ಸಂಭವ ಬಹಳ ಕಡಿಮೆಯಾಗುತ್ತದೆ. ಹೀಗಿರುವಾಗ ರೋಗಿಯನ್ನು ದೂರವಿಡುವುದರಿಂದ ಊರಿಗೆ ರಕ್ಷಣೆಯಿಲ್ಲ. ಅಂಜಿ ಔಷಧಿ ಬಿಟ್ಟ ರೋಗಿಯಿಂದಲೇ ಊರಿಗೆ ಅಪಾಯ.

ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ತೂಕದ ಇಳಿಕೆ, ಕಫದಲ್ಲಿ ರಕ್ತ ಇವುಗಳಲ್ಲಿ ಯಾವುದೇ ಕಂಡುಬಂದರೂ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿರಿ. ಪರೀಕ್ಷೆಯೂ ಔಷಧಿಯೂ ಉಚಿತ. ಆ ಬಾಗಿಲಿಗೆ ಹೋಗುವಾಗ ಒಬ್ಬರೇ ಹೋಗಬೇಡಿರಿ. ನಿಮ್ಮ ಐವರಲ್ಲಿ ಮೊದಲನೆಯವರನ್ನು ಅಂದೇ ಜೊತೆಗೆ ಕರೆದೊಯ್ಯಿರಿ.