ದೊಡ್ಡ ತಳಿಯ ನಾಯಿಮರಿಗೆ ಹಿತಮಿತದ ಊಟ



ಆದೋನಿ, ಆಲೂರು, ಹೊಳಗುಂದ, ಕೌತಾಳಂ, ಕೋಸಿಗಿ ಕಡೆಯ ನಮ್ಮ ಹಳ್ಳಿಗಳಲ್ಲಿ ನಾಯಿ ಹೊಸದಲ್ಲ. ಕುರಿಹಟ್ಟಿಗೆ ಕಾವಲು ಬೇಕು, ಕಣದಲ್ಲಿ ಶೇಂಗಾ ರಾಶಿಗೆ ಕಾವಲು ಬೇಕು. ಹೊಸದೆಂದರೆ ದೊಡ್ಡ ತಳಿಯ ಮರಿಗಳನ್ನು ಹಣ ಕೊಟ್ಟು ತರುವ ರೂಢಿ. ಒಬ್ಬರು ಮುಧೋಳದ ಮರಿ ತರುತ್ತಾರೆ, ಇನ್ನೊಬ್ಬರು ಲ್ಯಾಬ್ರಡಾರ್, ಮತ್ತೊಬ್ಬರು ಜರ್ಮನ್ ಶೆಫರ್ಡ್. ತಂದ ದಿನದಿಂದಲೇ ಮನೆಮಂದಿಗೆಲ್ಲ ಒಂದೇ ಆಸೆ: ಮರಿ ಬೇಗ ದೊಡ್ಡದಾಗಬೇಕು, ದುಂಡಗೆ ಕಾಣಬೇಕು. ಬಟ್ಟಲು ಬರಿದಾದ ಹಾಗೆಲ್ಲ ತುಂಬುತ್ತಾರೆ. ಐದಾರು ತಿಂಗಳಲ್ಲಿ ಮರಿಯ ಮುಂಗಾಲು ಸೊಟ್ಟಗಾಗುತ್ತದೆ, ಇಲ್ಲವೇ ಹಿಂಗಾಲು ಎಳೆಯುತ್ತ ನಡೆಯುತ್ತದೆ. ಆಮೇಲೆ ಔಷಧಕ್ಕೆ ಅಲೆದಾಟ. ಕೊನೆಗೆ ಎಷ್ಟೋ ಮರಿಗಳು ಬೀದಿಪಾಲು.

ಇಂದು ಹೇಳಬೇಕಾದ ಮಾತು ಒಂದೇ. ನಾಯಿ ಎಷ್ಟು ಎತ್ತರ ಬೆಳೆಯಬೇಕೆಂಬುದನ್ನು ಅದರ ತಂದೆತಾಯಿ ತೀರ್ಮಾನಿಸಿರುತ್ತಾರೆ, ಬಟ್ಟಲು ತೀರ್ಮಾನಿಸುವುದಿಲ್ಲ. ಹೆಚ್ಚು ಹಾಕಿದರೆ ಮರಿ ಹೆಚ್ಚು ಎತ್ತರವಾಗದು, ಬೇಗ ತೂಕ ಏರುತ್ತದೆ ಅಷ್ಟೆ. ಎಲುಬು ಇನ್ನೂ ಎಳೆಯದಿರುವಾಗಲೇ ಮೈಭಾರ ಅದರ ಮೇಲೆ ಬೀಳುತ್ತದೆ. ಬೆಳೆದಾಗ 25 ಕಿಲೋ ಮೀರುವ ತಳಿಗಳಿಗೆ ಈ ತೊಂದರೆ ಹೆಚ್ಚು. ಇಂಥ ಮರಿಗಳ ಬೆಳವಣಿಗೆ ಮುಗಿಯಲು 12ರಿಂದ 18 ತಿಂಗಳು ಬೇಕು. ಅವಸರಪಡಿಸಿದರೆ ಕೀಲುಗಳು ಕೆಡುತ್ತವೆ.

ಇದಕ್ಕೆ ಒಳ್ಳೆಯ ಆಧಾರವಿದೆ. ಅಮೆರಿಕದಲ್ಲಿ 48 ಲ್ಯಾಬ್ರಡಾರ್ ಮರಿಗಳನ್ನು ಜೋಡಿ ಜೋಡಿಯಾಗಿ ಆರಿಸಿ ಅವುಗಳ ಜೀವಮಾನವೆಲ್ಲ ಗಮನಿಸಿದರು. ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ನೂರಕ್ಕೆ 25 ಪಾಲು ಕಡಿಮೆ ಆಹಾರ ಕೊಟ್ಟರು. 2002ರಲ್ಲಿ ಫಲಿತಾಂಶ ಪ್ರಕಟವಾಯಿತು. ಹೆಚ್ಚು ತಿಂದ ಗುಂಪಿನ ಮಧ್ಯಮ ಆಯಸ್ಸು 11.2 ವರ್ಷ, ಮಿತವಾಗಿ ತಿಂದ ಗುಂಪಿನದು 13 ವರ್ಷ. ಮಿತವಾಗಿ ತಿಂದವುಗಳಲ್ಲಿ ಸೊಂಟದ ಕೀಲಿನ ರೋಗವೂ ಕಡಿಮೆಯಿತ್ತು, ಬಂದವುಗಳಿಗೂ ತಡವಾಗಿ ಬಂತು. ಇದರರ್ಥ ಮರಿಯನ್ನು ಉಪವಾಸ ಕೆಡವಬೇಕೆಂದಲ್ಲ. ಕಂಡಷ್ಟೂ ತಿನ್ನಲು ಬಿಡಬಾರದು ಎಂದರ್ಥ.

ಹಾಗಾದರೆ ಸಾಕೋ ಸಾಲದೋ ತಿಳಿಯುವುದು ಹೇಗೆ? ತಕ್ಕಡಿ ನಿಮ್ಮ ಕೈಯಲ್ಲೇ ಇದೆ. ಈಗಲೇ ಮಾಡಿ ನೋಡಿ. ಮುಷ್ಟಿ ಬಿಗಿದು ಬೆರಳ ಗೆಣ್ಣುಗಳ ಮೇಲೆ ಇನ್ನೊಂದು ಕೈ ಆಡಿಸಿ. ಮರಿಯ ಪಕ್ಕೆಲುಬು, ತೆಲುಗಿನಲ್ಲಿ ಪಕ್ಕಟೆಮುಕಲು ಎನ್ನುತ್ತೀರಲ್ಲ, ಅದು ಹೀಗೆ ಚೂಪಾಗಿ ತಾಗಿದರೆ ಮರಿ ಬಡವಾಗಿದೆ. ಈಗ ಅಂಗೈ ತಿರುಗಿಸಿ ಹೆಬ್ಬೆರಳ ಬುಡದ ಮಾಂಸವನ್ನು ಒತ್ತಿ. ಪಕ್ಕೆ ಹೀಗೆ ಮೆತ್ತಗಿದ್ದು ಎಲುಬೇ ಸಿಗದಿದ್ದರೆ ಕೊಬ್ಬು ಹೆಚ್ಚಾಗಿದೆ. ಕೊನೆಗೆ ಕೈ ಚಾಚಿ ಹಸ್ತದ ಬೆನ್ನನ್ನು ಮುಟ್ಟಿ. ತೆಳುವಾದ ತೊಗಲಿನ ಕೆಳಗೆ ಎಲುಬು ಸುಲಭವಾಗಿ ತಿಳಿಯುತ್ತದೆ. ಮರಿಯ ಪಕ್ಕೆ ಇರಬೇಕಾದದ್ದು ಹೀಗೆ. ಮೇಲಿನಿಂದ ನೋಡಿದರೆ ನಡು ಸಣ್ಣಗೆ ಕಾಣಬೇಕು, ಪಕ್ಕದಿಂದ ನೋಡಿದರೆ ಹೊಟ್ಟೆ ಹಿಂದಕ್ಕೆ ಮೇಲೇರಿರಬೇಕು. ವಾರಕ್ಕೊಮ್ಮೆ ಪಕ್ಕೆ ಮುಟ್ಟಿ ನೋಡಿ. ಶೇಂಗಾ ತೂಗುವ ಕಾಟಾದ ಮೇಲೆ ಮರಿಯನ್ನು ಬುಟ್ಟಿಯಲ್ಲಿಟ್ಟು ತೂಗಿ, ಬುಟ್ಟಿಯ ತೂಕ ಕಳೆದು ಬರೆದಿಡಿ. ಪಕ್ಕೆಯಲ್ಲಿ ಕೊಬ್ಬು ಕಂಡರೆ ಊಟ ಸ್ವಲ್ಪ ತಗ್ಗಿಸಿ, ಎಲುಬು ಚೂಪಾದರೆ ಸ್ವಲ್ಪ ಏರಿಸಿ.

ಮುಧೋಳದ ನಾಯಿ ಸಾಕಿದವರು ಇಲ್ಲೊಂದು ಮಾತು ನೆನಪಿಡಬೇಕು. ಈ ತಳಿ ಹುಟ್ಟಿನಿಂದಲೇ ತೆಳುಮೈಯದು, ಓಟಕ್ಕೆ ಹುಟ್ಟಿದ್ದು. ಬೆಳೆದ ಗಂಡಿನ ಭುಜದೆತ್ತರ ಸುಮಾರು 70 ಸೆಂಟಿಮೀಟರ್ ಇದ್ದರೂ ತೂಕ ಸಾಮಾನ್ಯವಾಗಿ 30 ಕಿಲೋ ಒಳಗೇ ಇರುತ್ತದೆ. ಬಾಗಲಕೋಟೆ ಜಿಲ್ಲೆಯ ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರದ ಪಶುವೈದ್ಯ ವಿಶ್ವವಿದ್ಯಾಲಯದವರು ಈ ತಳಿಗಾಗಿ ಸಂಶೋಧನಾ ಕೇಂದ್ರವನ್ನೇ ನಡೆಸುತ್ತಾರೆ. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರದ ಚೀಟಿ ಹೊರಡಿಸಿತು. ಇಂಥ ನಾಯಿಯ ಕೊನೆಯ ಎರಡು ಮೂರು ಪಕ್ಕೆಲುಬು ಕಣ್ಣಿಗೆ ಕಂಡರೆ ಅದು ಆರೋಗ್ಯದ ಲಕ್ಷಣವೇ. ನೆರೆಯವರು "ನಾಯಿಗೆ ಅನ್ನ ಹಾಕುವುದಿಲ್ಲವೇ?" ಎಂದು ಕೇಳಿದರೆಂದು ಅದನ್ನು ಕೊಬ್ಬಿಸಲು ಹೋಗಬೇಡಿ.

ಇನ್ನು ಸುಣ್ಣದಂಶದ ವಿಷಯ, ಅಂದರೆ ಕ್ಯಾಲ್ಸಿಯಂ. ಇಲ್ಲಿ ಎರಡು ಬಗೆಯ ಅಪಾಯವಿದೆ. ಒಂದು ಕೊರತೆಯದು, ಇನ್ನೊಂದು ಅತಿಯದು.

ಮೊದಲು ಕೊರತೆ. ನಮ್ಮ ಕಡೆ ಮರಿಗೆ ಸಿಗುವುದು ಜೋಳದ ರೊಟ್ಟಿ, ತೆಳು ಮಜ್ಜಿಗೆ. ಲೆಕ್ಕ ಹಾಕೋಣ. ಬೆಳೆಯುವ ಮರಿಗೆ 1000 ಕಿಲೋಕ್ಯಾಲರಿ ಆಹಾರದ ಜೊತೆ ಸುಮಾರು 3000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಮೂರು ತಿಂಗಳು ದಾಟಿದ 10 ಕಿಲೋ ಮರಿ ಒಂದು ದಿನಕ್ಕೆ ಹೆಚ್ಚುಕಡಿಮೆ ಅಷ್ಟು ಆಹಾರ ತಿನ್ನುತ್ತದೆ. ಅಷ್ಟನ್ನೂ ಜೋಳದ ರೊಟ್ಟಿಯಿಂದಲೇ ಕೊಟ್ಟರೆ, 300 ಗ್ರಾಂ ಹಿಟ್ಟಿನಲ್ಲಿ ಸಿಗುವುದು ಸುಮಾರು 75 ಮಿಲಿಗ್ರಾಂ ಮಾತ್ರ. ಬರೀ ಮಾಂಸ ಹಾಕುವವರು ತಮ್ಮ ಮರಿ ಚೆನ್ನಾಗಿದೆ ಎಂದುಕೊಳ್ಳುತ್ತಾರೆ. ಆದರೆ ಎಲುಬಿಲ್ಲದ ಮಾಂಸದಲ್ಲಿಯೂ ಕ್ಯಾಲ್ಸಿಯಂ ಅತ್ಯಲ್ಪ, ರಂಜಕ ಹೆಚ್ಚು. ರಕ್ತಕ್ಕೆ ಕ್ಯಾಲ್ಸಿಯಂ ಸಾಲದಾದಾಗ ದೇಹ ಅದನ್ನು ಎಲುಬಿನಿಂದಲೇ ಎಳೆದುಕೊಳ್ಳುತ್ತದೆ. ಎಲುಬು ಟೊಳ್ಳಾಗಿ ಸಣ್ಣ ನೆಗೆತಕ್ಕೂ ಮುರಿಯುತ್ತದೆ.

ಈಗ ಅತಿ. ಅಂಗಡಿಯ ಮರಿ ಆಹಾರದಲ್ಲಿ ಕ್ಯಾಲ್ಸಿಯಂ ಆಗಲೇ ಅಳತೆಯಲ್ಲಿ ಸೇರಿರುತ್ತದೆ. ಅದರ ಮೇಲೆ ಎಲುಬು ಗಟ್ಟಿಯಾಗಲೆಂದು ಕ್ಯಾಲ್ಸಿಯಂ ಟಾನಿಕ್ ಹಾಕುವುದು ಪಟ್ಟಣದಲ್ಲಿ ದೊಡ್ಡ ಚಟ. ದೊಡ್ಡ ನಾಯಿ ಹೆಚ್ಚಾದ ಕ್ಯಾಲ್ಸಿಯಂ ಅನ್ನು ಹೀರದೆ ಹೊರಗೆ ಬಿಡಬಲ್ಲದು. ಆರು ತಿಂಗಳೊಳಗಿನ ಮರಿಯ ಕರುಳಿಗೆ ಆ ತಡೆ ಇನ್ನೂ ಬಂದಿರುವುದಿಲ್ಲ, ಕೊಟ್ಟದ್ದರಲ್ಲಿ ಬಹುಪಾಲನ್ನು ಹೀರುತ್ತದೆ. ಆಗ ಮೃದ್ವಸ್ಥಿ ಸರಿಯಾಗಿ ಎಲುಬಾಗದೆ ಕಾಲು ಸೊಟ್ಟಗಾಗುತ್ತದೆ. ಕೊರತೆಯಿಂದಲೂ ಸೊಟ್ಟಗಾಲು, ಅತಿಯಿಂದಲೂ ಸೊಟ್ಟಗಾಲು! ಆದ್ದರಿಂದ ಕಾಲು ಸೊಟ್ಟಗೆ ಕಂಡ ಕೂಡಲೇ ಔಷಧದಂಗಡಿಗೆ ಓಡಬೇಡಿ. ಮರಿ ಏನು ತಿನ್ನುತ್ತಿದೆ ಎಂಬುದನ್ನು ಪಶುವೈದ್ಯರಿಗೆ ಬಿಡಿಸಿ ಹೇಳಿ, ಅವರ ಮಾತಿನಂತೆ ನಡೆಯಿರಿ.

ಹಾಗಾದರೆ ಬಟ್ಟಲಲ್ಲಿ ಏನಿರಬೇಕು? ಕೊಳ್ಳುವ ಶಕ್ತಿಯುಳ್ಳವರು ದೊಡ್ಡ ತಳಿಯ ಮರಿಗೆಂದೇ ಬರೆದಿರುವ ಆಹಾರವನ್ನು ಚೀಲದ ಮೇಲಿನ ಅಳತೆಯಿಂದ ಆರಂಭಿಸಿ, ಪಕ್ಕೆ ನೋಡಿ ಹೊಂದಿಸಿಕೊಳ್ಳಲಿ. ಇದು ಸುಲಭದ ದಾರಿ. ಮೇಲಿಂದ ಕೊಡುವ ರೊಟ್ಟಿ ತುಂಡು, ಬಿಸ್ಕತ್ತು ಎಲ್ಲ ಸೇರಿ ದಿನದ ಆಹಾರದಲ್ಲಿ ಹತ್ತನೆಯ ಒಂದು ಪಾಲು ಮೀರಬಾರದು. ಮನೆಯೂಟವೇ ಆದರೆ ಅರ್ಧ ಭಾಗ ಬೇಯಿಸಿದ ಜೋಳದ ನುಚ್ಚು ಇಲ್ಲವೇ ಅನ್ನ, ಉಳಿದದ್ದರಲ್ಲಿ ಹೆಚ್ಚಿನ ಪಾಲು ಮೊಟ್ಟೆ, ಕೋಳಿ ಇಲ್ಲವೇ ಮೀನು, ಸ್ವಲ್ಪ ಗಜ್ಜರಿ ಅಥವಾ ಕುಂಬಳ. ಮಾಂಸ ತಿನ್ನದ ಮನೆಯವರು ಮೊಸರು ಧಾರಾಳವಾಗಿ ಹಾಕಲಿ, ಆಗುವುದಾದರೆ ಮೊಟ್ಟೆಯನ್ನೂ ಕೊಡಲಿ. ಹಾಲಿನಿಂದ ಭೇದಿಯಾಗುವ ಮರಿಗೆ ಮೊಸರು ಒಗ್ಗುತ್ತದೆ. ಮನೆಯೂಟಕ್ಕೆ ಕ್ಯಾಲ್ಸಿಯಂ ಸೇರಿಸಲೇಬೇಕು. ಕುದಿಸಿ ಒಣಗಿಸಿ ನುಣ್ಣಗೆ ಪುಡಿಮಾಡಿದ ಒಂದು ಮೊಟ್ಟೆಯ ಚಿಪ್ಪಿನಲ್ಲಿ ಸುಮಾರು 2000 ಮಿಲಿಗ್ರಾಂ ಇರುತ್ತದೆ. ನಿಮ್ಮ ಮರಿಯ ತೂಕಕ್ಕೆ ಎಷ್ಟು ಬೇಕೆಂದು ವೈದ್ಯರಿಂದ ಒಮ್ಮೆ ಗೊತ್ತುಮಾಡಿಕೊಳ್ಳಿ. ಬೇರೆ ಖನಿಜ, ಜೀವಸತ್ವಗಳ ಮಾತನ್ನೂ ಆಗಲೇ ಕೇಳಿ.

ಎಂಟು ವಾರ ತುಂಬದ ಮರಿಯನ್ನು ತಾಯಿಯಿಂದ ಬಿಡಿಸಿ ತರಬೇಡಿ. 2017ರ ನಿಯಮದಂತೆ ಅಂಥ ಮರಿಯನ್ನು ಮಾರುವಂತೆಯೂ ಇಲ್ಲ. ಮೂರು ತಿಂಗಳವರೆಗೆ ದಿನಕ್ಕೆ ನಾಲ್ಕು ಸಲ, ಆರು ತಿಂಗಳವರೆಗೆ ಮೂರು ಸಲ, ಆಮೇಲೆ ಎರಡು ಸಲ ಊಟ ಸಾಕು. ಬಟ್ಟಲಿಟ್ಟು ಕಾಲು ಗಂಟೆ ಬಿಟ್ಟು ತೆಗೆದುಬಿಡಿ. ನೀರು ಮಾತ್ರ ಸದಾ ಇರಲಿ. ನಮ್ಮ ಬೇಸಿಗೆಯ ಸುಡುಬಿಸಿಲಲ್ಲಿ ಬೆಳಗಿನ ತಂಪು ಹೊತ್ತಿನಲ್ಲೂ ಸಂಜೆ ಹೊತ್ತು ಮುಳುಗಿದ ಮೇಲೂ ಊಟ ಹಾಕಿ. ಕೊಬ್ಬಿದ ನಾಯಿಗೆ ಬಿಸಿಲಿನ ಹೊಡೆತ ಹೆಚ್ಚು.

ಹೊಟ್ಟೆ ಡೊಳ್ಳಾಗಿ ಪಕ್ಕೆ ಬಡವಾಗಿದ್ದರೆ ಅದು ಹುಳುವಿನ ಗುರುತಾಗಿರಬಹುದು. ಎರಡು ವಾರದ ಮರಿಯಿಂದಲೇ ಜಂತುಹುಳುವಿನ ಔಷಧ ಆರಂಭವಾಗಬೇಕು. ಕುರಿ ಕೊಯ್ದಾಗ ನೀರುಗುಳ್ಳೆಗಳಿರುವ ಯಕೃತ್ತು, ಶ್ವಾಸಕೋಶವನ್ನು ನಾಯಿಗೆ ಎಸೆಯಬೇಡಿ. ಅದರಿಂದ ನಾಯಿಗೆ ಲಾಡಿಹುಳು, ನಾಯಿಯ ಮಲದಿಂದ ಮನುಷ್ಯರಿಗೂ ಕುರಿಗಳಿಗೂ ಗುಳ್ಳೆರೋಗ. ಅಂಥವನ್ನು ಆಳವಾಗಿ ಹೂಳಿಬಿಡಿ. ಬೂಷ್ಟು ಹಿಡಿದ ಶೇಂಗಾ, ಶೇಂಗಾ ಹಿಂಡಿ, ತೆಲುಗಿನ ಚೆಕ್ಕ, ಇವುಗಳಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷವಿರಬಹುದು. ಅದು ಯಕೃತ್ತನ್ನು ಕೆಡಿಸುತ್ತದೆ, ಬೇಯಿಸಿದರೂ ಹೋಗುವುದಿಲ್ಲ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕೊಲೇಟ್, ಬೇಯಿಸಿದ ಕೋಳಿ ಎಲುಬು ಇವೂ ಬೇಡ.

ಮರಿ ನುಣುಪಾದ ಪಾಲಿಶ್ ಕಲ್ಲಿನ ನೆಲದಲ್ಲಿ ಜಾರುತ್ತಿದ್ದರೆ ಗೋಣಿಚೀಲ ಹಾಸಿ. ವರ್ಷ ತುಂಬುವವರೆಗೆ ಮೋಟಾರ್ ಸೈಕಲ್ ಹಿಂದೆ ಓಡಿಸಬೇಡಿ.

ಕೇಳುಗರೇ, ಬಟ್ಟಲ ಮುಂದೆ ಕೂತು ಮರಿ ನಿಮ್ಮ ಮುಖ ನೋಡಿದಾಗ ಇನ್ನೊಂದು ಹಿಡಿ ಹಾಕೋಣವೆನಿಸುವುದು ಸಹಜ. ಆಗ ಕೈ ಬಟ್ಟಲಿಗೆ ಹೋಗುವ ಮೊದಲು ಪಕ್ಕೆಗೆ ಹೋಗಲಿ. ಹಸ್ತದ ಬೆನ್ನಿನಂತೆ ತಾಗಿದರೆ ಅಷ್ಟೇ ಸಾಕು. ಆ ಮರಿ ಹತ್ತು ವರ್ಷ ಕಳೆದ ಮೇಲೂ ನಿಮ್ಮ ಕುರಿಗಳ ಹಿಂದೆ ಓಡಾಡುತ್ತಿರಲಿ.