ಹೆತ್ತವರ ಹಿಗ್ಗು

ಪರೀಕ್ಷೆಗಳ ಫಲಿತಾಂಶವು ಪ್ರಕಟವಾದ ವಾರದಲ್ಲಿ ನಮ್ಮ ಪತ್ರಿಕೆಗಳೆಲ್ಲ ಮಕ್ಕಳ ಭಾವಚಿತ್ರಗಳಿಂದ ತುಂಬಿಹೋಗುವುವು. ಹೆಚ್ಚು ಅಂಕಗಳನ್ನು ಪಡೆದ ಬಾಲಕ ಬಾಲಿಕೆಯರ ಬಾಯಿಗೆ ತಾಯಿತಂದೆಗಳು ಸಿಹಿಯನ್ನಿಡುತ್ತಿರುವ ಚಿತ್ರವನ್ನು ಕಂಡು ಸಂತೋಷಪಡದ ವಾಚಕರಿಲ್ಲ, ನಾವೂ ಸಂತೋಷಪಡುವೆವು. ಆದರೆ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಎಷ್ಟೋ ಮನೆಗಳಲ್ಲಿ ಇದಕ್ಕೇನೂ ಕಡಮೆಯಲ್ಲದ ಹಿಗ್ಗೊಂದು ವರ್ಷದ ಯಾವುದೋ ಒಂದು ದಿನ ಸದ್ದಿಲ್ಲದೆ ಬಂದು ಹೋಗುವುದುಂಟು. ಒಂಬತ್ತು ವರ್ಷದ ಹುಡುಗನು ಅಂಗಿಯ ಗುಂಡಿಗಳನ್ನು ಒಂದನ್ನೂ ತಪ್ಪಿಸದೆ ತಾನೇ ಹಾಕಿಕೊಂಡಿರುವನು. ಆರು ವರ್ಷ ಬಾಯಿಬಿಡದ ಹುಡುಗಿಯು ಒಂದು ಬೆಳಗ್ಗೆ ‘ಅಮ್ಮಾ’ ಎಂದಿರುವಳು. ಆ ಮನೆಗೆ ಭಾವಚಿತ್ರ ತೆಗೆಯುವವನು ಬರುವುದಿಲ್ಲ. ನೆರೆಯವರಿಗೆ ಹೇಳೋಣವೆಂದರೆ, ಇದರಲ್ಲಿ ಹೇಳುವಂತಹುದೇನಿದೆ ಎಂದಾರೆಂಬ ಸಂಕೋಚ. ಹೀಗೆ ಆ ಹಿಗ್ಗು ಅಡಿಗೆಮನೆಯ ಹೊಸಲನ್ನು ದಾಟದೆ ಅಲ್ಲಿಯೇ ಉಳಿಯುವುದು.

ಬುದ್ಧಿಯ ಬೆಳವಣಿಗೆ ನಿಧಾನವಾದ, ಕಿವಿ ಕೇಳದ, ಕಣ್ಣು ಕಾಣದ, ಕೈಕಾಲು ಸ್ವಾಧೀನದಲ್ಲಿಲ್ಲದ ಮಕ್ಕಳಿಗೆ ಸರಕಾರದ ಕಾಗದಗಳಲ್ಲಿ ಕಾಲಕಾಲಕ್ಕೆ ಬೇರೆ ಬೇರೆ ಹೆಸರುಗಳು ಬಂದಿವೆ. ಈಗ ವಿಶೇಷ ಚೇತನರೆಂದು ಕರೆಯುವರು. ಹೆಸರು ಹಿಂದಿನದಕ್ಕಿಂತ ಮೃದುವಾಯಿತೆಂಬುದು ದಿಟ. ಆದರೆ ಮನೆಯಲ್ಲಿ ಆ ಮಗುವು ಯಾವಾಗಲೂ ಪುಟ್ಟನೋ ಚಿನ್ನಿಯೋ ಆಗಿದ್ದಿತೇ ಹೊರತು ಬೇರೇನೂ ಆಗಿರಲಿಲ್ಲ. 2011ರ ಜನಗಣತಿಯು ಕರ್ನಾಟಕದಲ್ಲಿ ಅಂಗವಿಕಲರ ಸಂಖ್ಯೆ 13 ಲಕ್ಷವನ್ನು ಮೀರಿತೆಂದು ಎಣಿಸಿತು. ಆಗಿನ್ನೂ ಕಾನೂನು ಗುರುತಿಸುತ್ತಿದ್ದ ವೈಕಲ್ಯಗಳು ಏಳು. 2016ರ ಕಾಯಿದೆಯು ಅವನ್ನು 21ಕ್ಕೆ ಏರಿಸಿರುವುದರಿಂದ ಮುಂದಿನ ಎಣಿಕೆಯಲ್ಲಿ ಸಂಖ್ಯೆಯು ಹೆಚ್ಚುವುದು ಸಹಜ. ಆದುದರಿಂದ ನಾವು ಹೇಳಹೊರಟಿರುವುದು ಎಲ್ಲಿಯೋ ಒಂದೆರಡು ಮನೆಗಳ ಸಮಾಚಾರವಲ್ಲ. ಇದನ್ನು ಓದುತ್ತಿರುವ ಮಹನೀಯರ ಬೀದಿಯಲ್ಲಿಯೇ, ಪ್ರಾಯಶಃ ನೆಂಟರಲ್ಲಿಯೇ, ಅಂತಹ ಮನೆಯೊಂದಿರುವುದು.

ಆ ಮನೆಯ ದಿನಚರಿಯನ್ನು ಹತ್ತಿರದಿಂದ ನೋಡಿದವರಿಗೆ ಮೊದಲು ಕಾಣುವುದು ದುಃಖವಲ್ಲ, ಕೆಲಸ. ಅದರ ಬೆನ್ನಿಗೇ ಕಾಣುವುದು ನಗು. ಹೊಳಲ್ಕೆರೆಯ ಕಡೆಯ ಅಡಕೆಯ ತೋಟದ ಮನೆಯನ್ನು ಭಾವಿಸಿರಿ. ಆಟಿಸಂ ಎಂಬ ಸ್ಥಿತಿಯುಳ್ಳ ಹುಡುಗನು ಮಾತನಾಡುವುದು ಕಡಮೆ. ಕಣ್ಣಿಗೆ ಕಣ್ಣಿಟ್ಟು ನೋಡುವುದು ಇನ್ನೂ ಕಡಮೆ. ಆದರೆ ಬಿಸಿಲಿಗೆ ಹರವಿದ ಅಡಕೆಯ ಮುಂದೆ ಅವನನ್ನು ಕೂರಿಸಿದರೆ, ಬಣ್ಣ ಕೆಟ್ಟ ಒಂದೊಂದು ಕಾಯನ್ನೂ ಆರಿಸಿ ಬೇರೆ ಸಾಲಾಗಿ ಜೋಡಿಸುವನು. ದೊಡ್ಡವರ ಕಣ್ಣು ತಪ್ಪಿಸಿಕೊಂಡದ್ದು ಅವನ ಬೆರಳಿಗೆ ಸಿಕ್ಕುವುದು. ಅಜ್ಜನು ಇದನ್ನು ಕಂಡು, ನಮ್ಮ ಹುಡುಗ ಮಂಡಿಯ ಸಾಹುಕಾರರಿಗಿಂತ ಮೇಲು ಎಂದು ಹೆಮ್ಮೆಪಟ್ಟರೆ ಅದು ಮೊಮ್ಮಗನ ಮೇಲಣ ಕರುಣೆಯ ಮಾತೆಂದು ತಿಳಿಯಬಾರದು, ಲೆಕ್ಕದ ಮಾತು. ಹೊಸದುರ್ಗದ ತೆಂಗಿನ ತೋಟದಲ್ಲಿ ಕಾಯಿಗಳನ್ನು ರಾಶಿಯಿಂದ ರಾಶಿಗೆ ಹಾಕುತ್ತ ಹುಡುಗಿಗೆ ಹತ್ತರವರೆಗೆ ಎಣಿಕೆ ಕಲಿಸುವ ತಂದೆಯು ಏಳನ್ನು ಬಿಟ್ಟು ಎಂಟಕ್ಕೆ ಹಾರುವ ಮಗಳನ್ನು ನೂರು ಸಲ ತಿದ್ದುವನು. ನೂರ ಒಂದನೆಯ ಸಲ ಅವಳು ತಾನಾಗಿಯೇ ಏಳರಲ್ಲಿ ನಿಂತು ಅವನ ಮುಖವನ್ನು ನೋಡಿ ನಕ್ಕರೆ ಆ ದಿನ ಅವನ ತೋಟಕ್ಕೆ ಬೇರೆ ಫಸಲು ಬೇಡ. ಕಿವಿ ಕೇಳದ ಮಗುವಿನ ತಾಯಿಗಂತೂ ಕುಕ್ಕರಿನ ಸಿಳ್ಳೇ ಸಂಗೀತವೆಂದರೆ ಉತ್ಪ್ರೇಕ್ಷೆಯಾಗದು. ಶ್ರವಣ ಯಂತ್ರವನ್ನು ತೊಡಿಸಿ ತಿಂಗಳುಗಟ್ಟಲೆ ಕಾದ ಬಳಿಕ, ಒಲೆಗೆ ಬೆನ್ನು ಮಾಡಿ ಆಡುತ್ತಿದ್ದ ಕೂಸು ಸಿಳ್ಳು ಕೇಳಿ ತಿರುಗಿ ನೋಡಿತೆಂದರೆ, ಅವಳು ಬೇಳೆ ಸೀದರೂ ಲೆಕ್ಕಿಸದೆ ನೆರೆಮನೆಗೆ ಓಡುವಳು.

ಹಿರಿಯೂರಿನ ಜನರಿಗೆ ಈ ಕಾಯುವಿಕೆಯ ರುಚಿಯನ್ನು ನಾವು ವಿವರಿಸಬೇಕಾಗಿಲ್ಲ. ವೇದಾವತಿಗೆ ಕಟ್ಟಿದ ಮಾರಿಕಣಿವೆಯ ಅಣೆಕಟ್ಟೆಯು 1907ರಲ್ಲಿ ಮುಗಿಯಿತು. 1933ರಲ್ಲಿ ವಾಣೀವಿಲಾಸ ಸಾಗರವು ತುಂಬಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಹರಿದದ್ದು 2022ರಲ್ಲಿ. 89 ವರ್ಷಗಳ ನಡುವೆ ಅಜ್ಜನಿಂದ ಮೊಮ್ಮಗನವರೆಗೆ ಕಾದವರು ಕೋಡಿಯ ನೀರನ್ನು ನೋಡಲು ಸಂಸಾರ ಸಮೇತವಾಗಿ ಬಂದು ಜಾತ್ರೆಯನ್ನೇ ನೆರೆಸಿದರು. ಮಳೆ ಇನ್ನೂ ಮೊದಲೇ ಬರಬೇಕಾಗಿತ್ತು, ಕೆರೆ ತಡಮಾಡಿತು ಎಂದು ಆ ದಿನ ಯಾರೂ ಮುಖ ಗಂಟಿಕ್ಕಿಕೊಳ್ಳಲಿಲ್ಲ. ನೀರು ಬಂದಿತಲ್ಲಾ ಎಂದು ಹಿಗ್ಗಿದರು. ನಾಲ್ಕು ವರ್ಷಕ್ಕೆ ನಡೆದ ಮಗುವಿನ ಮನೆಯಲ್ಲಿಯೂ ಹಿಗ್ಗುವ ರೀತಿ ಇದೇ. ಬೀದಿಯವರು ಮಾತ್ರ ಅಲ್ಲಿ ತಡವಾದುದನ್ನು ಎಣಿಸುವರು.

ಬೀದಿಯವರ ವಿಷಯಕ್ಕೆ ಬಂದೆವು. ಇಲ್ಲಿ ಸ್ವಲ್ಪ ನಿಷ್ಠುರವಾಗಿ ಬರೆಯದೆ ವಿಧಿಯಿಲ್ಲ. ನಮ್ಮ ಸೀಮೆಯಲ್ಲಿ ‘ಪಾಪ’ ಎಂಬ ಒಂದು ಮಾತಿದೆ. ಸಂತೆಯಲ್ಲಿ, ಬಸ್ಸಿನಲ್ಲಿ, ಮದುವೆಯ ಪಂಕ್ತಿಯಲ್ಲಿ ಇಂತಹ ಮಗುವನ್ನು ಕಂಡೊಡನೆ ನಾಲಗೆಯ ತುದಿಗೆ ಅದು ಬಂದು ನಿಲ್ಲುವುದು. ಹೇಳುವವರ ಮನಸ್ಸಿನಲ್ಲಿ ಕೆಡುಕಿಲ್ಲ. ಆದರೆ ಆ ಕ್ಷಣದವರೆಗೆ ಮಗನ ಕೈಹಿಡಿದು ದುರ್ಗದ ಕೋಟೆಯ ಮೆಟ್ಟಿಲುಗಳನ್ನು ಏರುತ್ತ, ಒಬವ್ವನ ಕಿಂಡಿಯ ಕಥೆಯನ್ನು ಹೇಳುತ್ತ ಸುಖವಾಗಿದ್ದ ತಾಯಿಯು ಆ ಒಂದು ಮಾತಿನಿಂದ ದುಃಖಿಯಾಗಲೇಬೇಕಾಗುವುದು, ನಗುತ್ತಿದ್ದರೆ ತಪ್ಪೆಂಬಂತೆ. ಅದರ ಹಿಂದೆಯೇ ಪ್ರಶ್ನೆಗಳು: ಬಸುರಿಯಲ್ಲಿ ಗ್ರಹಣ ನೋಡಿದ್ದೆಯಾ? ಏನು ತಿಂದಿದ್ದೆ? ಯಾವ ಹರಕೆ ಬಾಕಿ? ಮಗುವಿನ ತಂದೆಯನ್ನು ಈ ಪ್ರಶ್ನೆಗಳನ್ನು ಯಾರೂ ಕೇಳುವುದಿಲ್ಲವೆಂಬುದೂ ಗಮನಿಸತಕ್ಕ ಸಂಗತಿ.

ಡೌನ್ ಸಿಂಡ್ರೋಮ್ ಎಂಬ ಸ್ಥಿತಿಯನ್ನು 1866ರಲ್ಲಿ ಇಂಗ್ಲೆಂಡಿನ ವೈದ್ಯ ಜಾನ್ ಲ್ಯಾಂಗ್ಡನ್ ಡೌನ್ ವರ್ಣಿಸಿದನು. 1959ರಲ್ಲಿ ಫ್ರಾನ್ಸಿನ ಜೆರೋಮ್ ಲೆಜೂನ್ ಮತ್ತು ಅವನ ಸಂಗಡಿಗರು, ಜೀವಕಣದಲ್ಲಿ ಎರಡಿರಬೇಕಾದ 21ನೆಯ ವರ್ಣತಂತು ಮೂರಿರುವುದೇ ಇದರ ಕಾರಣವೆಂದು ತೋರಿಸಿಕೊಟ್ಟರು. ಇದರಲ್ಲಿ ಗ್ರಹಣಕ್ಕೂ ಹರಕೆಗೂ ಕೆಲಸವಿಲ್ಲ. ಆ 21ರ ಮೂರು ಪ್ರತಿಗಳ ನೆನಪಿಗಾಗಿಯೇ ಮೂರನೆಯ ತಿಂಗಳ 21ನೆಯ ದಿನವನ್ನು ವಿಶ್ವಸಂಸ್ಥೆಯು 2012ರಿಂದ ಈ ಮಕ್ಕಳ ದಿನವಾಗಿ ಆಚರಿಸುತ್ತ ಬಂದಿದೆ. ಹತ್ತಿರದ ರಕ್ತಸಂಬಂಧದಲ್ಲಿ ಮದುವೆಯಾಗುವುದರಿಂದ ಕಿವುಡು ಮೊದಲಾದ ಕೆಲವು ಆನುವಂಶಿಕ ದೋಷಗಳ ಸಂಭವವು ಹೆಚ್ಚುವುದು ನಿಜ. ಆದರೆ ಅದು ಮಾವ ಸೊಸೆಯರ ಮದುವೆಯನ್ನು ನಿಶ್ಚಯಿಸುವ ಹಿರಿಯರಿಗೆ ನಿಶ್ಚಯಕ್ಕೆ ಮುಂಚೆ ಹೇಳತಕ್ಕ ಮಾತು. ತೊಟ್ಟಿಲ ಬಳಿ ನಿಂತು ಬಾಣಂತಿಗೆ ಹೇಳತಕ್ಕದ್ದಲ್ಲ. ಪೂರ್ವಕರ್ಮವೆಂದು ತಲೆದೂಗುವ ಪಂಡಿತರು ಅಷ್ಟಾವಕ್ರನನ್ನು ನೆನೆಯಲಿ. ಎಂಟು ಕಡೆ ಡೊಂಕಾದ ಆ ಬಾಲಕನನ್ನು ಕಂಡು ನಕ್ಕವರು ಜನಕನ ಸಭೆಯ ವಿದ್ವಾಂಸರೇ ಎಂದು ಕಥೆ ಹೇಳುವುದು.

ಇಂತಹ ಮಕ್ಕಳಿಗೆ ತಾಯಿಯೇ ಮೊದಲ ಉಪಾಧ್ಯಾಯಿನಿ ಎಂಬ ತತ್ತ್ವವು ಕನ್ನಡ ನಾಡಿಗೆ ಹೊಸದಲ್ಲ. ಮೈಸೂರಿನಲ್ಲಿ 1901ರಲ್ಲಿಯೇ ಎಂ. ಶ್ರೀನಿವಾಸರಾಯರು ಕುರುಡ ಕಿವುಡ ಮಕ್ಕಳಿಗಾಗಿ ಶಾಲೆಯನ್ನು ತೆರೆದರು. 1965ರಲ್ಲಿ ಅದೇ ನಗರದಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಶಿಶುವಿಹಾರದಲ್ಲಿ ತಾಯಂದಿರು ಮಕ್ಕಳೊಡನೆ ಕುಳಿತು ಪಾಠದ ಕ್ರಮವನ್ನು ಕಲಿಯುವರು. ಕುಂಬಾರಕೊಪ್ಪಲಿನಲ್ಲಿ ಕಿವುಡು ಮಕ್ಕಳ ತಂದೆತಾಯಿಗಳ ಸಂಘವು ನಡೆಯಿಸುವ ಶಾಲೆಯಲ್ಲಂತೂ ತಾಯಿಯೇ ವಿದ್ಯಾರ್ಥಿನಿ. ದೂರದ ಜಿಲ್ಲೆಗಳಿಂದ ಊರು ಮನೆ ಬಿಟ್ಟು ಬಂದು, ಬಾಡಿಗೆಯ ಕೋಣೆ ಹಿಡಿದು, ಮಗುವಿಗೆ ಮಾತು ಬರಿಸಿಕೊಂಡು ಹೋದ ಹೆಂಗಸರ ಸಾಹಸವು ಯಾವ ಇತಿಹಾಸದಲ್ಲಿಯೂ ಬರೆಯಲ್ಪಟ್ಟಿಲ್ಲ.

ಇಲ್ಲಿ ಗದಗಿನ ವೀರೇಶ್ವರ ಪುಣ್ಯಾಶ್ರಮದ ಸ್ಮರಣೆಯು ತಾನಾಗಿಯೇ ಬರುವುದು. ಎಳೆತನದಲ್ಲಿಯೇ ಕಣ್ಣು ಕಳೆದುಕೊಂಡ ಪುಟ್ಟರಾಜ ಗವಾಯಿಗಳು ಸೋದರಮಾವನ ಹಾರ್ಮೋನಿಯಂ ಮೇಲೆ ಬೆರಳಾಡಿಸುತ್ತಿದ್ದುದನ್ನು ಮಾವನು ಗದರಿಸದೆ ಕೇಳಿದನು. ಕೇಳಿ, ತಾವೂ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳ ಬಳಿಗೆ ಕರೆದೊಯ್ದನು. ಮುಂದಿನದು ನಾಡಿಗೆಲ್ಲ ತಿಳಿದದ್ದೇ. ಆದರೆ ಈ ಕಥೆಯನ್ನು ನಮ್ಮ ಸಭೆಗಳಲ್ಲಿ ಹೇಳುವ ರೀತಿಯು ನಮಗೆ ಒಪ್ಪಿಗೆಯಿಲ್ಲ. ಭಾಷಣಕಾರರು ಇಂತಹ ಪ್ರತಿಯೊಂದು ಮಗುವಿನಲ್ಲಿಯೂ ಒಬ್ಬ ಪುಟ್ಟರಾಜರು ಅಡಗಿರುವರೆಂದು ಚಪ್ಪಾಳೆ ಗಿಟ್ಟಿಸುವರು. ಅಡಗಿಲ್ಲದಿದ್ದರೆ? ಹಾಡು ಬಾರದ, ಲೆಕ್ಕ ಬಾರದ, ಎಂದೆಂದಿಗೂ ಪದಕ ಗೆಲ್ಲದ ಮಗುವಿನ ತಂದೆತಾಯಿಗಳು ಹಿಗ್ಗುವ ಹಕ್ಕನ್ನು ಕಳೆದುಕೊಂಡರೇ? ಸಾಧಾರಣ ಮಕ್ಕಳೆಲ್ಲ ವಿಶ್ವೇಶ್ವರಯ್ಯನವರಾಗುವರೆಂದು ಯಾರೂ ನಿರೀಕ್ಷಿಸುವುದಿಲ್ಲ. ಅವರು ಉಂಡು ಆಡಿ ಮಲಗಿದರೆ ಮನೆಯವರಿಗೆ ಸಂತೋಷ. ಈ ಮಕ್ಕಳಿಗೂ ಅಷ್ಟೇ ಸಾಕು.

ಇಷ್ಟು ಬರೆದುದರಿಂದ, ಹಿಗ್ಗು ಇರುವಲ್ಲಿ ಕಷ್ಟವಿಲ್ಲವೆಂದು ಯಾರಾದರೂ ತಿಳಿದರೆ ಅದು ಅನ್ಯಾಯ. ರಾತ್ರಿ ನಿದ್ದೆಯಿಲ್ಲ, ಕೂಲಿಯ ದಿನ ತಪ್ಪುವುದು, ಇನ್ನೊಂದು ಮಗುವಿಗೆ ಕೊಡತಕ್ಕ ವೇಳೆಯು ಈ ಮಗುವಿನ ಪಾಲಾಗುವುದು. ಸೆರೆಬ್ರಲ್ ಪಾಲ್ಸಿಯಿಂದ ಕೈಕಾಲು ಬಿಗಿದ, ಹನ್ನೆರಡು ವರ್ಷದ ಮಗನನ್ನು ಎತ್ತಿ ಸ್ನಾನ ಮಾಡಿಸುವ ತಾಯಿಯ ಸೊಂಟದ ನೋವನ್ನು ನಮ್ಮ ಲೇಖನವು ಕಳೆಯಲಾರದು. ಎಲ್ಲಕ್ಕೂ ಮೇಲೆ ‘ನಮ್ಮ ನಂತರ ಯಾರು?’ ಎಂಬ ಒಂದು ಪ್ರಶ್ನೆ ಎಲ್ಲ ಹಬ್ಬಗಳ ನಡುವೆಯೂ ಎದೆಯಲ್ಲಿ ಕುಳಿತಿರುವುದು. ಅಧಿಕಾರಿಗಳ ಸಹಾಯವು ಬೇಕಾಗುವುದು ಇಲ್ಲಿಯೇ. ಕಾನೂನು ಬಡವಾಗಿಲ್ಲ. 2016ರ ಕಾಯಿದೆಯು 6ರಿಂದ 18 ವರ್ಷದವರೆಗಿನ ಅಂಗವಿಕಲ ಮಗುವಿಗೆ ನೆರೆಯ ಶಾಲೆಯಲ್ಲಾಗಲಿ ವಿಶೇಷ ಶಾಲೆಯಲ್ಲಾಗಲಿ ಶುಲ್ಕವಿಲ್ಲದ ಶಿಕ್ಷಣವನ್ನು ಹಕ್ಕಾಗಿ ಕೊಟ್ಟಿದೆ. ಶಾಲೆಗೆ ಬರಲಾಗದಷ್ಟು ತೊಂದರೆಯುಳ್ಳ ಮಗುವಿಗೆ ಮನೆಯಲ್ಲಿಯೇ ಪಾಠ ಹೇಳತಕ್ಕ ಏರ್ಪಾಡೂ ಉಂಟು. ಗ್ರಾಮ ಪಂಚಾಯತಿಗೆ ಪುನರ್ವಸತಿ ಕಾರ್ಯಕರ್ತರೂ ಉಂಟು. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯ ಮೇರೆಗೆ ಬುದ್ಧಿಮಾಂದ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ ಮೊದಲಾದವುಗಳುಳ್ಳವರು 18 ವರ್ಷ ದಾಟಿದ ಮೇಲೆ, ಜಿಲ್ಲಾಧಿಕಾರಿಗಳು ಸೇರಿದ ಸ್ಥಳೀಯ ಸಮಿತಿಯು ಅವರಿಗೆ ಪಾಲಕರನ್ನು ನೇಮಿಸಬಹುದು. ‘ನಮ್ಮ ನಂತರ’ ಎಂಬ ಪ್ರಶ್ನೆಗೆ ಇದು ಪೂರ್ಣ ಉತ್ತರವಲ್ಲ. ಆದರೂ ಉತ್ತರದ ಆರಂಭ. ಎಷ್ಟು ಮಂದಿ ತಂದೆಗಳಿಗೆ ಇದು ತಿಳಿದಿದೆ? 2024ರ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಅಂಗವಿಕಲ ಮಗುವುಳ್ಳ ಸರಕಾರಿ ನೌಕರಳಿಗೆ ಮಗುವಿನ ಪಾಲನೆಗೆ ರಜೆಯನ್ನು ನಿರಾಕರಿಸುವುದು ಸಂವಿಧಾನಕ್ಕೆ ಒಪ್ಪದೆಂದು ಹೇಳಿದುದನ್ನು ಕಚೇರಿಯ ಮುಖ್ಯಸ್ಥರು ಓದಿದ್ದರೆ ಒಳ್ಳೆಯದು.

ಹೊಸದುರ್ಗದಿಂದ ಚಿತ್ರದುರ್ಗಕ್ಕೆ ಸುಮಾರು 60 ಕಿಲೋಮೀಟರು. ಒಂದು ಪ್ರಮಾಣಪತ್ರಕ್ಕಾಗಿ ಮಗುವನ್ನು ಹೆಗಲ ಮೇಲೆ ಹೊತ್ತು ಬಂದವರಿಗೆ ‘ಇಂದು ಡಾಕ್ಟರಿಲ್ಲ, ನಾಳೆ ಬನ್ನಿ’ ಎಂಬ ಮಾತು ಎಷ್ಟು ದುಬಾರಿಯೆಂಬುದನ್ನು ಮೇಜಿನ ಈಚೆಗೆ ಕುಳಿತವರು ಎಣಿಸಬೇಕು. ತಾಲ್ಲೂಕು ಕೇಂದ್ರದಲ್ಲಿ ತಿಂಗಳಿಗೊಂದು ನಿಶ್ಚಿತ ದಿನವನ್ನು ಗೊತ್ತುಮಾಡಿ, ಆ ದಿನ ತಪ್ಪದೆ ವೈದ್ಯರನ್ನು ಕೂರಿಸಿದರೆ ಈ ಅಲೆದಾಟವು ಬಹುಮಟ್ಟಿಗೆ ನಿಲ್ಲುವುದು. ದಾವಣಗೆರೆಯು ಈಗ ಬೇರೆ ಜಿಲ್ಲೆಯಾದರೂ 1997ರವರೆಗೆ ನಮ್ಮದೇ ಆಗಿದ್ದಿತು. ಅಲ್ಲಿರುವ ಕೇಂದ್ರ ಸರಕಾರದ ಸಂಯುಕ್ತ ಪ್ರಾದೇಶಿಕ ಕೇಂದ್ರದ ಪರಿಣತರನ್ನು ಅಂತಹ ದಿನಗಳಲ್ಲಿ ಕರೆಯಿಸಿಕೊಳ್ಳುವುದು ಅಸಾಧ್ಯವೇನಲ್ಲ.

ಅದೇ ದಿನ, ಅದೇ ಊರಿನಲ್ಲಿ, ಹೆತ್ತವರು ಒಂದೆಡೆ ಸೇರಲಿ ಎಂಬುದು ನಮ್ಮ ಇನ್ನೊಂದು ಸೂಚನೆ. ದೇಶದ ನಾನಾ ಊರುಗಳ ಇಂತಹ ತಂದೆತಾಯಿಗಳ ಸಂಘಗಳು 1995ರಲ್ಲಿ ‘ಪರಿವಾರ’ ಎಂಬ ಒಕ್ಕೂಟವನ್ನು ಕಟ್ಟಿಕೊಂಡರು. ಹಿರಿಯೂರಿನಲ್ಲಿ ಹತ್ತು ಮನೆಯವರು ಶಾಲೆಯ ಒಂದು ಕೋಣೆಯಲ್ಲಿ ಕಲೆತರೆ ಅದಕ್ಕೆ ಹೆಸರೂ ಬೇಡ, ಅಧ್ಯಕ್ಷರೂ ಬೇಡ. ಅರ್ಜಿ ಅಹವಾಲುಗಳನ್ನು ಕೊನೆಗಿಟ್ಟು, ಈ ತಿಂಗಳು ನಮ್ಮ ಹುಡುಗ ಅಂಗಡಿಗೆ ಒಬ್ಬನೇ ಹೋಗಿ ಹಾಲು ತಂದ, ಚಿಲ್ಲರೆಯನ್ನೂ ಸರಿಯಾಗಿ ತಂದ ಎಂದು ಒಬ್ಬರು ಮೊದಲು ಹೇಳಲಿ. ಅದರ ಬೆಲೆ ಏನೆಂಬುದನ್ನು ಅರಿತ ಒಂಬತ್ತು ಜನ ಅಲ್ಲಿರುವರು. ಕಚೇರಿಯಲ್ಲಿ ಸಿಕ್ಕದ ಸಮಾಚಾರಗಳೂ, ಯಾವ ವೈದ್ಯರು ಸಾವಧಾನದಿಂದ ನೋಡುವರು, ಯಾವ ಶಾಲೆಯ ಮೇಷ್ಟರು ಮಗುವನ್ನು ಮುಂದಿನ ಬೆಂಚಿನಲ್ಲಿ ಕೂರಿಸಿಕೊಳ್ಳುವರು ಎಂಬ ಸಂಗತಿಗಳೂ, ಕಾಫಿ ಕುಡಿಯುತ್ತಿರುವಾಗಲೇ ತಿಳಿದುಬರುವುವು.

ನೆರೆಯವರಿಂದ ಈ ಮನೆಗಳು ಬಯಸುವುದು ಬಹು ಸ್ವಲ್ಪ. ನಾಮಕರಣವೋ ಗೃಹಪ್ರವೇಶವೋ ಹುಟ್ಟುಹಬ್ಬವೋ ಆದಾಗ ಕರೆಯಲು ಬಂದವರು ‘ನೀವಿಬ್ಬರೂ ಬನ್ನಿ’ ಎನ್ನುವರು. ದೊಡ್ಡ ಮಗಳನ್ನೂ ಕರೆಯುವರು. ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿರುವ ಚಿಕ್ಕವನ ಹೆಸರನ್ನೂ ಅವರು ಬಾಯಿಬಿಟ್ಟು ಹೇಳಿ, ‘ಅವನನ್ನೂ ಕರೆತನ್ನಿ, ಮಕ್ಕಳೆಲ್ಲ ಇರುತ್ತಾರೆ’ ಎಂದರೆ, ಆ ಸಂಜೆ ಆ ಮನೆಯಲ್ಲಿ ಯಾವ ಅಂಗಿ ತೊಡಿಸಬೇಕೆಂಬ ಚರ್ಚೆಯು ದೀಪ ಹಚ್ಚಿದ ಮೇಲೂ ನಡೆಯುವುದು.